ಮಾತ್ರೆ ತಗೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾನಾ?

ಪ್ರಶ್ನೆ: ನಾನು ಹೊನ್ನಾವರ ಕಡೆಯವಳು, 26 ವರ್ಷ, ಟೀಚರ್. ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುವಾಗ ಮನಸ್ಸು ಎಲ್ಲೋ ಹೋದ್ರೆ ಮತ್ತೆ ಮೊದಲಿಂದ ಶುರು ಮಾಡ್ತೀನಿ, ಒಮ್ಮೊಮ್ಮೆ ರಾತ್ರಿ ಒಂದು ಗಂಟೆ ಆಗತ್ತೆ. ಒಂದೇ ತಪ್ಪನ್ನ ನಾಲ್ಕು ಸಲ ಕುಮ್ಸಾರಲ್ಲಿ (ಫಾದರ್ ಹತ್ರ ಮಾಡೋ ಪಾಪನಿವೇದನೆ) ಹೇಳಿದೀನಿ, ಆದ್ರೂ ಸರಿಯಾಗಿ ಹೇಳಿಲ್ವೇನೋ ಅನಿಸತ್ತೆ. ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್‌ಸುಮ್ನೆ ಅಳು ಬರತ್ತೆ. ಕಾರವಾರದ ಡಾಕ್ಟರ್ ಮಾತ್ರೆ ಕೊಟ್ಟು ಹತ್ತು ದಿನ ಆಯ್ತು, ಏನೂ ವ್ಯತ್ಯಾಸ ಇಲ್ಲ. ಅಮ್ಮ 'ಮನಸಿಟ್ಟು ಪ್ರಾರ್ಥನೆ ಮಾಡಿದ್ರೆ ಮಾತ್ರೆ ಯಾಕೆ ಬೇಕು' ಅಂತಾರೆ. ಅಪ್ಪ ಬೋಟಿಂದ ಬಂದವರು ಏನೂ ಮಾತಾಡಲ್ಲ. ನಿಲ್ಲಿಸ್ಲಾ?

ಉತ್ತರ: ಬೇಡ ಮಾರಾಯ್ತಿ, ನಿಲ್ಲಿಸ್ಬೇಡ. ಖಿನ್ನತೆ, ಆತಂಕಕ್ಕೆ ಕೊಡೋ ಮಾತ್ರೆ ಜ್ವರದ ಮಾತ್ರೆ ಥರ ಅಲ್ಲ, ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು ಗುಣ ಗೊತ್ತಾಗೋಕೆ. ಹತ್ತು ದಿನಕ್ಕೆ ತೀರ್ಪು ಕೊಡೋ ಅವಸರ ಯಾಕೆ.

ಅಮ್ಮನ ಮೇಲೆ ಸಿಟ್ಟಾಗ್ಬೇಡ, ಅವರಿಗೆ ಭಯ. ಅಪ್ಪನ ಬೋಟಿಗೆ ಶಿಲುಬೆ ಕಟ್ಟಿರ್ತಾರಲ್ವಾ, ಹಂಗಂತ ಇಂಜಿನ್ ಕೆಟ್ರೆ ಮೆಕ್ಯಾನಿಕ್ ಕರೆಯೋದು ಬಿಡ್ತಾರಾ? ಇದನ್ನೇ ಅಪ್ಪನ ಹತ್ರ ಅಮ್ಮನಿಗೆ ಹೇಳ್ಸು, ಆ ನೆಪದಲ್ಲಾದ್ರೂ ಅವರು ಬಾಯಿ ಬಿಡ್ಲಿ.

ನಂಗೆ ನಿನ್ನ ಪತ್ರದಲ್ಲಿ ತಟ್ಟಿದ್ದು ಆ ಮೊದಲಿಂದ ಶುರು ಮಾಡೋದು. ಹಳೇ ಗೋವಾದಲ್ಲಿ ಶರೀರ ಇಟ್ಟಿರೋ ಸಂತ ಫ್ರಾನ್ಸಿಸ್ ಜೇವಿಯರ್ ಇದಾರಲ್ಲ, ಅವರ ಗೆಳೆಯ, ಏಸುಸಭೆ ಅನ್ನೋ ಪಾದ್ರಿಗಳ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ, 1522ರಲ್ಲಿ ಸ್ಪೇನಿನ ಮಾನ್ರೆಸಾದಲ್ಲಿದ್ದಾಗ ಅವರಿಗೂ ಡಿಟ್ಟೋ ಇದೇ ಕಾಟ. ಮೂರು ದಿನ ಬರೆದು ಬರೆದು ಪಾಪನಿವೇದನೆ ಮಾಡಿದ್ರೂ ಏನೋ ಬಿಟ್ಟೋಯ್ತು ಅಂತ ಸಂಕಟ, ಗಂಟೆಗಟ್ಟಲೆ ಪ್ರಾರ್ಥನೆ ಮಾಡಿದ್ರೂ ಹೋಗ್ಲಿಲ್ಲ, ಸಾಯೋ ಯೋಚನೆನೂ ಬಂತು, ಕೊನೆಗೆ ಒಂದು ವಾರ ಪೂರ್ತಿ ಉಪವಾಸ ಕೂತ್ರು. ಉಪವಾಸ ಬಿಡು ಅಂತ ಅವರ ಗುರುಗಳೇ ಆಜ್ಞೆ ಮಾಡ್ಬೇಕಾಯ್ತು, ಆಮೇಲೆ ಹಳೇ ಪಾಪಗಳನ್ನ ಮತ್ತೆ ನಿವೇದನೆ ಮಾಡೋದನ್ನೇ ಅವರು ಬಿಟ್ರು. ಪ್ರಾರ್ಥನೆ ಕಮ್ಮಿ ಇದ್ದಿದ್ದಕ್ಕೆ ಬಂದ ಕಾಯಿಲೆನಾ ಅದು? ನೀನೂ ಒಬ್ಬರೇ ಫಾದರ್ ಹಿಡ್ಕೋ, ಈ ವಿಷ್ಯ ಪೂರ್ತಿ ಹೇಳು, ಅವರು 'ಸಾಕು' ಅಂದ್ರೆ ಸಾಕು. ಊರೂರು ಚರ್ಚಿಗೆ ಹೋಗಿ ಬೇರೆ ಬೇರೆಯವರ ಹತ್ರ ಅದೇ ಹೇಳೋದು ಬೇಡ.

ಡಾಕ್ಟರಿಗೆ ತೇರ್ಸ್ ವಿಷ್ಯ ಹೇಳಿದ್ಯಾ? ನಿದ್ದೆ, ಊಟ ಅಷ್ಟೇ ಹೇಳಿರ್ತೀಯ ಅಂತ ನನ್ನ ಅಂದಾಜು. ಹೇಳಲೇಬೇಕು, ಯಾಕಂದ್ರೆ ಇದು ಒಸಿಡಿ (ಬೇಡ ಅಂದ್ರೂ ಅದೇ ಯೋಚನೆ ಬಂದು, ಅದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಕಾಯಿಲೆ) ಆಗಿದ್ರೆ ಮಾತ್ರೆಯ ಪ್ರಮಾಣ, ಕೌನ್ಸೆಲಿಂಗ್ ಎರಡೂ ಬದಲಾಗ್ಬಹುದು.

ಇನ್ನೊಂದು, ಬೈಬಲ್ಲಲ್ಲಿ ಮೊದಲನೇ ಅರಸುಗಳ 19ನೇ ಅಧ್ಯಾಯ ಓದು. ಎಲೀಯ ಪ್ರವಾದಿ ಸಾಕಪ್ಪಾ ಜೀವ ತೆಗಿ ಅಂತ ಗಿಡದ ಕೆಳಗೆ ಮಲಗ್ತಾನೆ. ದೂತ ಬಂದು ಉಪದೇಶ ಮಾಡಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು ಎದ್ದು ತಿನ್ನು ಅಂತಾನೆ. ತಿಂದು ಮತ್ತೆ ಮಲಗಿದ್ರೆ, ಮತ್ತೆ ಎಬ್ಬಿಸಿ ತಿನ್ನಿಸ್ತಾನೆ.

ನಿಂಗೂ ಆ ಥರ ಸಾಯೋ ಯೋಚನೆ ಬರ್ತಿದ್ರೆ ಮುಚ್ಚಿಡ್ಬೇಡ, ಮನೇಲಿ ಒಬ್ಬರಿಗಾದ್ರೂ ಈಗ್ಲೇ ಹೇಳು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಬೇಡ.

ಇವತ್ತು ರಾತ್ರಿ ತೇರ್ಸ್ ಒಂದೇ ಸಲ. ಮನಸ್ಸು ಎಲ್ಲೋ ಹೋದ್ರೂ ಮುಂದಿನ ಮಣಿಗೆ ಹೋಗು, ಹಿಂದಕ್ಕಲ್ಲ. ಎದೆ ಡವಡವ ಅನ್ನತ್ತೆ, ಎದ್ದು ಮತ್ತೆ ಶುರು ಮಾಡು ಅಂತ ಒಳಗೆ ಒತ್ತತ್ತೆ, ಒತ್ಲಿ. ಸರ ದಿಂಬಿನ ಕೆಳಗಿಟ್ಟು ಲೈಟ್ ಆಫ್ ಮಾಡು.