ಕಾಂಡ್ಲಾ ಮೊಳಕೆ ಮತ್ತು ಬಹುವಿಶ್ವ

ವಿಶ್ವದ ನಿಯಮಗಳು ನಮಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗಿವೆ, ಅಂದಮೇಲೆ ಬಹುವಿಶ್ವ, ಅಂದರೆ ಬೇರೆ ಬೇರೆ ನಿಯಮಗಳಿರುವ ಎಷ್ಟೋ ವಿಶ್ವಗಳು, ಇರಲೇಬೇಕಲ್ಲ ಅಂತ ಕೇಳಿದ್ದೀರಿ. ಇರಲೇಬೇಕು ಅನ್ನೋಕೆ ಬರಲ್ಲ. ಹುಚ್ಚು ಊಹೆಯಂತೂ ಅಲ್ಲ.

ನಾನು ಕಾರವಾರದವನು. ಇಲ್ಲಿ ಕಾಳಿ ನದಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ ಬೀಜ ಗಿಡದ ಮೇಲೇ ಮೊಳೆತು, ನುಗ್ಗೆಕಾಯಿ ಹಾಗೆ ನೇತಾಡಿ, ಆಮೇಲೆ ಉದುರುತ್ತದೆ. ಎಷ್ಟೋ ಮೊಳಕೆಗಳು ಸಮುದ್ರದ ಪಾಲು. ಕೆಸರಲ್ಲಿ ನಾಟಿಕೊಂಡದ್ದು ಬೇರು ಬಿಡುತ್ತದೆ. ಅದಕ್ಕೆ ಬುದ್ಧಿ ಇದ್ದಿದ್ದರೆ ಈ ಕೆಸರು ತನಗಾಗಿಯೇ ಇದೆ ಅಂದುಕೊಳ್ಳುತ್ತಿತ್ತೇನೋ! ವಿಶ್ವಗಳೂ ಹಾಗೇ ಎಷ್ಟೋ ಇದ್ದರೆ, ಬದುಕಿಗೆ ಒಗ್ಗುವಂಥದ್ದರಲ್ಲೇ ನಾವು ಇರುತ್ತೇವೆ.

ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಇದೇ ಜಾಡಿನಲ್ಲಿ ಲೆಕ್ಕ ಹಾಕಿದರು. ಖಾಲಿ ಜಾಗದ ಶಕ್ತಿ ತೀರಾ ಹೆಚ್ಚಿದ್ದರೆ ಗೆಲಾಕ್ಸಿಗಳು ಕೂಡಿಕೊಳ್ಳುವ ಮೊದಲೇ ಎಲ್ಲ ಚದುರಿಹೋಗುತ್ತಿತ್ತು, ಅಳೆಯೋಕೆ ನಾವೇ ಇರುತ್ತಿರಲಿಲ್ಲ. ಹಾಗಾಗಿ ಅದು ಒಂದು ಮಿತಿಯೊಳಗೆ ಇರಬೇಕು, ಸೊನ್ನೆಯೇ ಆಗಬೇಕಿಲ್ಲ. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು (ಸಿಡಿಯುವ ನಕ್ಷತ್ರಗಳನ್ನು) ಅಳೆದ ಎರಡು ತಂಡಗಳಿಗೆ ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿರುವುದು ಕಂಡಿತು. ಅಂದರೆ ಆ ಶಕ್ತಿ ಇದೆ, ಆದರೆ ತೀರಾ ಚಿಕ್ಕದು. ನನ್ನನ್ನು ಅಲುಗಾಡಿಸಿದ್ದು ಇದೇ.

ತೊಡಕು ಒಂದಿದೆ. ತೇಲಿಹೋದ ಮೊಳಕೆಗಳನ್ನು ದಡದಲ್ಲಿ ನಿಂತು ಎಣಿಸಬಹುದು. ಬೇರೆ ವಿಶ್ವಗಳನ್ನು ಎಣಿಸುವ ದಾರಿ ಸಿಕ್ಕಿಲ್ಲ. ಅದಕ್ಕೇ ಭೌತವಿಜ್ಞಾನಿಗಳಲ್ಲೂ ಜಗಳ ಮುಗಿದಿಲ್ಲ.