ಓದುಗರ ಪ್ರಶ್ನೆ: ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಲ್ಲಿ ಓದಲಿ?

ಪ್ರಶ್ನೆ: ಗೆಳೆಯನ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದೆ. ನಾಲ್ಕು ತಿಂಗಳಿಂದ ಅವನು ಕಂತು ಕಟ್ಟಿಲ್ಲ, ನೋಟಿಸು ನನಗೆ ಬಂದಿದೆ. ದಿನಾ ಬೆಳಿಗ್ಗೆ ಕಣ್ಣುಮುಚ್ಚಿ ಸತ್ಯವೇದ ತೆರೆದು, ಬೆರಳಿಟ್ಟ ವಚನ ಓದುತ್ತೇನೆ. ಒಂದು ದಿನ ಧೈರ್ಯ, ಮರುದಿನ ಭಯ. ಯಾವ ಭಾಗ ಓದಲಿ? – ಓದುಗರೊಬ್ಬರು, ಹಾಸನ

ಉತ್ತರ: ಬೆರಳಿಡುವುದನ್ನು ಇವತ್ತೇ ಬಿಡಿ, ಸಹೋದರರೇ. ವಚನವನ್ನು ಯಾರಿಗೆ, ಏಕೆ ಹೇಳಿದ್ದೆಂಬುದು ಅದರ ಹಿಂದುಮುಂದಿನ ಸಾಲುಗಳಲ್ಲಿರುತ್ತದೆ. ಒಂದೇ ಸಾಲು ಹಿಡಿದುಕೊಂಡರೆ ಅವತ್ತಿನ ನಮ್ಮ ಮನಸ್ಸೇ ಅದಕ್ಕೆ ಅರ್ಥ ಹಚ್ಚುತ್ತದೆ.

ಜ್ಞಾನೋಕ್ತಿಗಳು 6ನೇ ಅಧ್ಯಾಯದ ಮೊದಲ ಐದು ವಚನ ನಿಮ್ಮ ಸಂಕಟದ ಬಗ್ಗೆಯೇ ಇವೆ. ನೆರೆಯವನಿಗೆ ಹೊಣೆಯಾಗಿ ನಿನ್ನ ಮಾತಿಗೆ ನೀನೇ ಸಿಕ್ಕಿಬಿದ್ದೆ. ಹೋಗು, ತಗ್ಗಿಕೊಂಡು ಅವನನ್ನು ಕಾಡಿ ಬೇಡು, ನಿದ್ದೆ ಮಾಡದೆ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ ಎನ್ನುತ್ತದೆ. ಕಾದು ನೋಡು ಎಂಬ ಮಾತು ಅಲ್ಲಿ ಇಲ್ಲ.

ಹಾಗಾಗಿ ಇಂದು ಸಂಜೆಯೇ ಗೆಳೆಯನ ಮನೆಗೆ ಹೋಗಿ, ಫೋನಿನಲ್ಲಿ ಮುಗಿಸಬೇಡಿ. ಬಾಕಿ ಕಂತು, ಒಟ್ಟು ಹಣ ಎಷ್ಟೆಂದು ಕಾಗದದಲ್ಲಿ ಬರೆಸಿಕೊಳ್ಳಿ. ಮರುದಿನ ಇಬ್ಬರೂ ಬ್ಯಾಂಕಿಗೆ ಹೋಗಿ, ಕಂತು ಇಳಿಸಿ ಅವಧಿ ಹೆಚ್ಚಿಸಲು ಲಿಖಿತ ಅರ್ಜಿ ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಿ. ‘ಸಾಲ ತೆಗೆದವನು ಅವನು, ಮೊದಲು ಅವನನ್ನೇ ಕೇಳಲಿ’ ಎಂದು ಸುಮ್ಮನಿದ್ದು ಕೆಟ್ಟವರು ಬಹಳ. ಭಾರತೀಯ ಕರಾರು ಕಾಯ್ದೆ 1872ರ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ನೀವು ಕಟ್ಟಿದ್ದನ್ನು ಅವನಿಂದ ವಸೂಲು ಮಾಡುವ ಹಕ್ಕು 145ನೇ ಕಲಂನಲ್ಲಿದೆ. ರಸೀದಿ ಒಂದನ್ನೂ ಕಳೆಯಬೇಡಿ.

ಕಥೋಲಿಕ ಬೈಬಲಿನಲ್ಲಿರುವ ಸಿರಾಖ ಗ್ರಂಥದ 29ನೇ ಅಧ್ಯಾಯವನ್ನೂ ಓದಿ. ಒಳ್ಳೆಯವನು ನೆರೆಯವನಿಗೆ ಹೊಣೆಯಾಗುತ್ತಾನೆ ಎಂದು ಮೆಚ್ಚಿ, ಶಕ್ತಿಯಿದ್ದಷ್ಟು ಮಾಡು, ನೀನೇ ಬೀಳದಂತೆ ನೋಡಿಕೋ ಎಂದು ಎಚ್ಚರಿಸುತ್ತದೆ. ಜಾಮೀನು ಹಾಕಿದ್ದೇ ಪಾಪವೆಂದು ಕೊರಗುತ್ತಿದ್ದರೆ ಅದು ನಿಮಗೆ ಬೇಕಾದ ಮಾತು.

ಪ್ರಶ್ನೆ: ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುವೆನೆಂದು ದೇವರು ಹೇಳುವ, ಗೋಡೆಗೆ ತೂಗುಹಾಕಿದ ಯೆರೆಮೀಯ 29:11 ಹೇಳಿಕೊಂಡರೂ ಮನಸ್ಸಿಗಿಳಿಯುತ್ತಿಲ್ಲ. ನನ್ನ ನಂಬಿಕೆ ಕುಂದಿತೇ? – ಗೃಹಿಣಿ, ಮಂಗಳೂರು

ಉತ್ತರ: ಇಲ್ಲ, ಸಹೋದರಿ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಬಿಡುಗಡೆಗೆ 70 ವರ್ಷ ಆಗಬೇಕೆಂಬ ಲೆಕ್ಕ ಅದರ ಹಿಂದಿನ ವಚನದಲ್ಲೇ ಇದೆ. ಮನೆ ಕಟ್ಟಿರಿ, ತೋಟ ಮಾಡಿರಿ ಎನ್ನುತ್ತದೆ 5ನೇ ವಚನ. ದೀರ್ಘಕಾಲ ಕಾಯಬೇಕಾದವರಿಗೆ ಹೇಳಿದ್ದು ಅದು.

ರಾತ್ರಿ ಎರಡು ಗಂಟೆಗೆ ಕೀರ್ತನೆ 13 ತೆಗೆಯಿರಿ. ಆರೇ ವಚನ: ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು, ನಡುವಿನೆರಡರಲ್ಲಿ ಬೇಡಿಕೆ, ಕೊನೆಯೆರಡರಲ್ಲಿ ಭರವಸೆ. ಪಿಸುದನಿಯಲ್ಲಿ ಓದಿ. ಎರಡನೇ ವಚನಕ್ಕೆ ನಿಂತು ನಿಮ್ಮ ದೂರನ್ನು ಮನೆಮಾತಿನಲ್ಲೇ ಹೇಳಿ, ತುಳುವಾಗಲಿ ಕೊಂಕಣಿಯಾಗಲಿ. ಭರವಸೆಯ ಸಾಲು ಬಾಯಿಗೆ ಬರದಿದ್ದರೆ ಬಲವಂತ ಬೇಡ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ಮೊಬೈಲಿನಲ್ಲಿ ಮಾತ್ರ ಓದಬೇಡಿ, ಅದರ ಬೆಳಕು ಇನ್ನಷ್ಟು ಎಚ್ಚರಗೊಳಿಸುತ್ತದೆ. ಎರಡು ಮೂರು ವಾರ ಹೀಗೇ ಆದರೆ ವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ವೈದ್ಯನನ್ನೂ ದೇವರೇ ನೇಮಿಸಿದ್ದಾನೆಂದು ಸಿರಾಖ 38 ಹೇಳುತ್ತದೆ.

ಪ್ರಶ್ನೆ: ಜಮೀನಿನ ವಿಷಯದಲ್ಲಿ ಅಣ್ಣನ ಜೊತೆ ಮಾತು ನಿಂತಿದೆ. ಪ್ರಾರ್ಥನಾ ಕೂಟದಲ್ಲಿ ಹೇಳಿ ಎಲ್ಲರಿಂದ ಪ್ರಾರ್ಥನೆ ಮಾಡಿಸಲೇ? – ಓದುಗರು, ಬಳ್ಳಾರಿ

ಉತ್ತರ: ಈಗ ಬೇಡ. ಮತ್ತಾಯ 18:15–17ರಲ್ಲಿ ಕ್ರಮವಿದೆ: ಮೊದಲು ಇಬ್ಬರೇ, ಆಮೇಲೆ ಜೊತೆಗೆ ಒಬ್ಬಿಬ್ಬರು, ಕೊನೆಗೆ ಸಭೆ. ಕೂಟದಲ್ಲಿ ಹೇಳಿದರೆ ಕೊನೆಯ ಮೆಟ್ಟಿಲಿನಿಂದ ಶುರುಮಾಡಿದಂತೆ, ಅಣ್ಣನಿಗೆ ಸುದ್ದಿ ಬೇರೆಯವರ ಬಾಯಿಂದ ಮುಟ್ಟುತ್ತದೆ. ಎರಡನೇ ಸಲ ಕರೆದೊಯ್ಯುವವರು ಅಣ್ಣನಿಗೂ ಒಪ್ಪಿಗೆಯಾದವರಿರಲಿ. ಪಹಣಿ, ಪಾಲುಪಟ್ಟಿ ಆಗ ತೆಗೆದುಕೊಂಡು ಹೋಗಿ; ಮೊದಲ ಸಲ ಬರಿಗೈಯಲ್ಲಿ ಹೋಗಿ.