ಮೊಟ್ಟೆಯ ಹಳದಿ ಬೆಕ್ಕಿನ ಪಾಲು

ಮೊದಲು ಬಂದದ್ದು ತಾಯಿ. ಕಾರವಾರದಲ್ಲಿ ಮೀನು ಮಾರುವವರು, ವಯಸ್ಸು ಐವತ್ತರ ಆಸುಪಾಸು. (ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಗುರುತು ಸಿಗುವ ವಿವರ ಬದಲಿಸಿದ್ದೇನೆ.) ಬುಟ್ಟಿ ಖಾಲಿ ಮಾಡಿಕೊಂಡು ಸೀದಾ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಿದ್ದರು. ಕುರ್ಚಿ ತೋರಿಸಿದರೆ ಕೂರಲಿಲ್ಲ. "ಸೀರೆಗೆ ಮೀನಿನ ವಾಸನೆ ಅದೆ ಅಕ್ಕೋರೆ" ಎಂದು ಬಾಗಿಲ ಹತ್ತಿರವೇ ನಿಂತರು. ಆಮೇಲೆ ಚೀಲದಿಂದ ಒಂದು ದೊಡ್ಡ ಕಪ್ಪು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮಗ ದಿನಾ ಇದನ್ನು ಕುಡಿಯುತ್ತಾನೆ, ಮೂರು ಸಾವಿರ ಕೊಟ್ಟು ತಂದಿದ್ದಾನೆ, ಇದು ಯಾವ ನಶೆ ಅಂತ ಹೇಳಿ ಅಂದರು.

ಅದು ವೇ ಪ್ರೋಟೀನ್. ಹಾಲು ಒಡೆದರೆ ಗಡ್ಡೆ ಒಂದು ಕಡೆ, ನೀರು ಒಂದು ಕಡೆ ಆಗುತ್ತದಲ್ಲ, ಆ ನೀರಿನಲ್ಲಿರುವ ಪ್ರೋಟೀನನ್ನು ಒಣಗಿಸಿ ಮಾಡಿದ ಪುಡಿ ಎಂದೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಒಡೆದ ಹಾಲಿನ ನೀರಿಗೆ ಮೂರು ಸಾವಿರವಾ?"

ನಶೆಯ ಭಯ ಹೋಯಿತು. ಅದರ ಹಿಂದಿದ್ದ ನೋವು ಆಗ ಹೊರಬಂತು. ಎರಡು ತಿಂಗಳಿಂದ ಮಗ ಇವರು ಮಾಡಿದ ಸಾರು ಮುಟ್ಟಿಲ್ಲ. ಜುಮ್ಮನಕಾಯಿ ಎಂಬ ಮಸಾಲೆಕಾಯಿ ಹಾಕಿದ ಬಂಗುಡೆ ಮೀನಿನ ಸಾರು ಅಂದರೆ ಮೊದಲು ಜೀವ ಬಿಡುತ್ತಿದ್ದವನು ಈಗ ಹತ್ತಿರವೂ ಬರುವುದಿಲ್ಲ. ದಿನಕ್ಕೆ ಎಂಟು ಮೊಟ್ಟೆ ಬೇಯಿಸುತ್ತಾನೆ, ಬಿಳಿ ಮಾತ್ರ ತಿನ್ನುತ್ತಾನೆ. ಎಂಟು ಹಳದಿ ಸ್ಟೀಲ್ ಬಟ್ಟಲಲ್ಲಿ ಉಳಿಯುತ್ತವೆ. ಬಿಸಾಡಲು ಮನಸ್ಸು ಬಾರದೆ ಇವರು ಬೆಕ್ಕಿಗೆ ಹಾಕುತ್ತಾರೆ. "ಬೆಕ್ಕು ಕುರಿ ಹಾಂಗೆ ಆಗಿದೆ. ಅದಕ್ಕೆ ಸೊಕ್ಕೂ ಬಂದಿದೆ. ರಾತ್ರಿ ಅನ್ನದ ಪಾತ್ರೆಗೆ ಬಾಯಿ ಹಾಕ್ತದೆ. ಬೆಳಿಗ್ಗೆ ನೋಡಿದ್ರೆ ಅರ್ಧ ಅನ್ನ ಇರೂದಿಲ್ಲ."

ಪಾತ್ರೆಯ ಮುಚ್ಚಳ ಬೆಳಿಗ್ಗೆ ಎಲ್ಲಿರುತ್ತದೆ ಎಂದು ಕೇಳಿದೆ.

"ಪಾತ್ರೆ ಮೇಲೇ ಇರ್ತದೆ" ಎಂದವರು ಅಲ್ಲಿಗೇ ಸುಮ್ಮನಾದರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು.

ಮಗನನ್ನು ನಾಗು ಎನ್ನೋಣ. 23 ವರ್ಷ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮುಂದಿನ ವಾರ ತಾನೇ ಬಂದ. ಅವನು ಹೇಳುವುದನ್ನು ಅವನ ಆಯಿಗೆ, ಅಂದರೆ ತಾಯಿಗೆ, ದಾಟಿಸುವುದಿಲ್ಲ ಎಂದು ಮೊದಲೇ ಹೇಳಿದೆ. ಹತ್ತು ವಾರದಲ್ಲಿ 84 ಕಿಲೋದಿಂದ 70ಕ್ಕೆ ಇಳಿದಿದ್ದ. ಖುಷಿ ಮಾತ್ರ ಇರಲಿಲ್ಲ. "ಕನ್ನಡಿ ಮುಂದೆ ನಿಂತ್ರೆ ಹೊಟ್ಟೆ ಹಾಗೇ ಇದೆ ಮೇಡಂ, ಕೈ ಮಾತ್ರ ಸಪೂರ ಆಗಿದೆ." ಮೊದಲ ತಿಂಗಳು ಬೆಂಚ್ ಪ್ರೆಸ್‌ನಲ್ಲಿ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) 50 ಕಿಲೋ ಎತ್ತುತ್ತಿದ್ದವನಿಗೆ ಈಗ 40ಕ್ಕೇ ತೋಳು ನಡುಗುತ್ತದೆ. ಎದ್ದು ನಿಂತರೆ ತಲೆ ತಿರುಗುತ್ತದೆ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ರೇಗುತ್ತಾನೆ.

ಏನು ತಿನ್ನುತ್ತೀಯ ಎಂದರೆ ಪಾಠ ಒಪ್ಪಿಸಿದ ಹಾಗೆ ಹೇಳಿದ. ಬೆಳಿಗ್ಗೆ ಹಾಲಿಲ್ಲದ ಕಾಫಿ. ಮಧ್ಯಾಹ್ನ ಎಂಟು ಬಿಳಿ. ಸಂಜೆ ಒಂದು ಸೇಬು, ಪುಡಿ ಕದಡಿದ ನೀರು. ರಾತ್ರಿ ಮೂರು ಚಪಾತಿ, ಸೌತೆಕಾಯಿ. ಎಲ್ಲ ಸೇರಿ ಸಾವಿರ ಕ್ಯಾಲೊರಿಯೂ ಮುಟ್ಟುವುದಿಲ್ಲ. ಅದರ ಮೇಲೆ ವಾರಕ್ಕೆ ಆರು ದಿನ ಒಂದೂವರೆ ಗಂಟೆ ಜಿಮ್. ಅವನ ವಯಸ್ಸು, ತೂಕ, ಓಡಾಟಕ್ಕೆ ದಿನಕ್ಕೆ ಸುಮಾರು 2400 ಬೇಕು. ಇಷ್ಟು ದೊಡ್ಡ ಕೊರತೆ ಬಿದ್ದಾಗ ದೇಹ ಕೊಬ್ಬನ್ನಷ್ಟೇ ಕರಗಿಸುತ್ತಾ ಕೂರುವುದಿಲ್ಲ, ಮಾಂಸಖಂಡಕ್ಕೂ ಕೈ ಹಾಕುತ್ತದೆ. ಕೈ ಸಪೂರ ಆದದ್ದು ಹೀಗೆ.

ರಾತ್ರಿಯ ಮಾತು ನಾನಾಗಿ ಎತ್ತಲಿಲ್ಲ. ದಿನವಿಡೀ ಇಷ್ಟು ಹಸಿದವರಿಗೆ ಕೆಲವೊಮ್ಮೆ ತಿನ್ನಲು ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ, ನಿನಗೆ ಹಾಗಾಗಿದೆಯಾ ಎಂದಷ್ಟೇ ಕೇಳಿದೆ. ಬಹಳ ಹೊತ್ತು ಮೊಬೈಲಿನ ಕವರ್ ಬಿಚ್ಚಿ ಹಾಕಿ ಮಾಡುತ್ತಾ ಕೂತ. ಆಮೇಲೆ ಹೇಳಿದ. ವಾರಕ್ಕೆ ಎರಡು ಮೂರು ಸಲ, ರಾತ್ರಿ ಒಂದರ ಹೊತ್ತಿಗೆ, ದೀಪ ಹಾಕದೆ, ನಿಂತುಕೊಂಡೇ ಪಾತ್ರೆಗೆ ಕೈ ಹಾಕಿ ತಣ್ಣನೆ ಅನ್ನ, ಉಳಿದ ಸಾರು. ಹೊಟ್ಟೆ ಬಿರಿಯುವ ತನಕ. ಮರುದಿನ ಶಿಕ್ಷೆ: ಬರೀ ನೀರು, ಬೀಚಿನಲ್ಲಿ ಒಂದು ಗಂಟೆ ಓಟ. ಇಷ್ಟನ್ನೂ ನೆಟ್ಟಗೆ ಕೂತು ಹೇಳಿದವನು ಬೆಕ್ಕಿನ ಮಾತು ಬಂದಾಗ ಅತ್ತುಬಿಟ್ಟ. "ಆಯಿ ಅದಕ್ಕೆ ಕೋಲಲ್ಲಿ ಹೊಡೆದ್ಲು ಮೇಡಂ. ನಾನು ನೋಡ್ತಾ ನಿಂತಿದ್ದೆ."

ತಿಂದದ್ದನ್ನು ವಾಂತಿ ಮಾಡುತ್ತೀಯಾ, ಕೊಬ್ಬು ಕರಗಿಸುವ ಮಾತ್ರೆ ಇದೆಯಾ, ಮಾಂಸಖಂಡ ಬೆಳೆಸುವ ಸೂಜಿ ತಗೊಂಡಿದ್ದೀಯಾ ಎಂದು ಮುಚ್ಚುಮರೆ ಇಲ್ಲದೆ ಕೇಳಿದೆ. ಇಲ್ಲ ಎಂದ. ಸೂಜಿ ಕೊಡಿಸುತ್ತೇನೆ ಅಂತ ಜಿಮ್ಮಿನಲ್ಲಿ ಒಬ್ಬ ಹೇಳಿದ್ದನಂತೆ, ಇವನು ಹೆದರಿ ಬಿಟ್ಟಿದ್ದ. ಒಳ್ಳೆಯ ಹೆದರಿಕೆ. ವಾಂತಿ ಇದ್ದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ತಲೆಸುತ್ತಿಗೆ ಡಾಕ್ಟರನ್ನು ಕಾಣಲು ಹೇಳಿದೆ. ರಕ್ತದೊತ್ತಡ ಸ್ವಲ್ಪ ಕಡಿಮೆ ಇತ್ತು, ಬೇರೆ ತೊಂದರೆ ಇರಲಿಲ್ಲ.

ನಾಗು ತನಗೆ ಮನಸ್ಸು ಗಟ್ಟಿ ಇಲ್ಲ ಎಂದುಕೊಂಡಿದ್ದ. ನನಗೆ ಕಂಡದ್ದು ಬರೀ ಹಸಿವು. ಹಾಗಾಗಿ ಮೊದಲ ಎರಡು ವಾರಕ್ಕೆ ಕೊಟ್ಟ ಸಲಹೆ ಕೇಳಿ ಅವನು ಹೌಹಾರಿದ: ಕೊಬ್ಬು ಇಳಿಸುವ ಮಾತೇ ಬೇಡ, ಮೂರು ಹೊತ್ತು ಊಟ, ಸಂಜೆ ತಿಂಡಿ, ಗಡಿಯಾರ ನೋಡಿಕೊಂಡು. ಹಸಿವಾಗಲಿ ಬಿಡಲಿ. ತೂಕದ ಮಷಿನ್ ಆಯಿಯ ಕಪಾಟಿಗೆ. ವಾರಕ್ಕೊಮ್ಮೆ ತೂಕ, ಎರಡು ವಾರಕ್ಕೊಮ್ಮೆ ಟೇಪಿನಲ್ಲಿ ಸೊಂಟದ ಸುತ್ತಳತೆ. ಭಾರ ಎತ್ತುವುದು ವಾರಕ್ಕೆ ಮೂರು ದಿನ ಸಾಕು. ಏಳೆಂಟು ಗಂಟೆ ನಿದ್ದೆ.

ಮೂರನೇ ಭೇಟಿಗೆ ಅವನೇ ಆಯಿಯನ್ನು ಕರೆತಂದ. ಬೆಕ್ಕಿನ ವಿಷಯ ಮನೆಯಲ್ಲೇ ಹೇಳಿಕೊಂಡಿದ್ದ. ಆ ದಿನ ಮಾತಾಡಿದ್ದು ಪೂರ್ತಿ ಊಟದ ಲೆಕ್ಕ. ನಾನು ಆಹಾರತಜ್ಞೆ ಅಲ್ಲ, ಒಬ್ಬ ಆಹಾರತಜ್ಞೆಯನ್ನು ಕೇಳಿ ಅಂಕಿ ಬರೆದುಕೊಂಡಿದ್ದೆ. ಭಾರ ಎತ್ತುತ್ತಾ ಕೊಬ್ಬು ಇಳಿಸುವವರಿಗೆ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ನಾಗುವಿಗೆ ದಿನಕ್ಕೆ 110 ಗ್ರಾಂ ಆಸುಪಾಸು. ಊಟ ಬೇಕಾದದ್ದಕ್ಕಿಂತ ಮುನ್ನೂರು ನಾಲ್ಕುನೂರು ಕ್ಯಾಲೊರಿ ಕಡಿಮೆ ಇದ್ದರೆ ಸಾಕು, ಅದೂ ಎರಡು ವಾರ ಕಳೆದ ಮೇಲೆ. ಹೊಸದಾಗಿ ಜಿಮ್ ಹಿಡಿದವರಿಗೆ ಕೊಬ್ಬು ಇಳಿಯುವುದು, ಮಾಂಸಖಂಡ ಬೆಳೆಯುವುದು ಎರಡೂ ಒಟ್ಟಿಗೆ ಆಗುತ್ತವೆ. ಆದರೆ ನಿಧಾನ.

"ಒಂದು ಬಂಗುಡೆಯಲ್ಲಿ ಎಷ್ಟು ಅದೆ?" ತಾಯಿ ಕೇಳಿದರು. ನೂರು ಗ್ರಾಂ ಮೀನಿನ ಮಾಂಸದಲ್ಲಿ ಹತ್ತಿರ ಹತ್ತಿರ 20 ಗ್ರಾಂ ಎಂದೆ. ಅವರು ಅಂಗೈ ಚಾಚಿ ಇಲ್ಲದ ಮೀನನ್ನು ಎರಡು ಸಲ ಮೇಲೆ ಕೆಳಗೆ ತೂಗಿದರು. "ಈ ಅಳತೆಯವು ಎರಡು ಅಂದ್ರೆ ಕಾಲು ಕಿಲೋ. ತಲೆ, ಹೊಟ್ಟೆ, ಮುಳ್ಳು ಹೋದ್ರೆ ನೂರೈವತ್ತು ಗ್ರಾಂ ಉಳೀತದೆ." ಅಂದರೆ 30 ಗ್ರಾಂ ಪ್ರೋಟೀನ್. ನಾಗು ಬಾಯಿಬಿಟ್ಟು ನೋಡುತ್ತಿದ್ದ. ಅವನ ಪುಡಿಯ ಒಂದು ಅಳತೆ ಚಮಚದಲ್ಲಿ ಇದ್ದದ್ದು 24.

ಉಳಿದದ್ದು ಸಲೀಸಾಯಿತು. ಮೂರು ಇಡೀ ಮೊಟ್ಟೆಗೆ 18 ಗ್ರಾಂ. ಮೊಟ್ಟೆಯ ಪ್ರೋಟೀನಿನಲ್ಲಿ ಐದರಲ್ಲಿ ಎರಡು ಪಾಲು ಹಳದಿಯಲ್ಲೇ ಇರುತ್ತದೆ, ಬೆಕ್ಕು ತಿಂದು ಗುಂಡಗಾದದ್ದು ಸುಮ್ನೆ ಅಲ್ಲ. ಅರ್ಧ ಲೀಟರ್ ಹಾಲು ಮೊಸರು ಸೇರಿ 16. ಒಂದು ಹಿಡಿ ಹೆಸರುಕಾಳಿನ ಪಲ್ಯಕ್ಕೆ 12. ಶೇಂಗಾ, ಅನ್ನ, ಚಪಾತಿಯಿಂದ ಇಪ್ಪತ್ತರಷ್ಟು. ಕಡಿಮೆ ಬಿದ್ದದ್ದಕ್ಕೆ ಡಬ್ಬಿಯ ಪುಡಿ ಇದೆ. ದುಡ್ಡು ಕೊಟ್ಟು ತಂದಾಗಿದೆ, ಕುಡಿ ಎಂದೆ.

ಕುಚ್ಚಲಕ್ಕಿ ಗಂಜಿಯ ಬಗ್ಗೆ ಅವನಿಗೆ ತುಂಬಾ ಭಯ. ಅನ್ನ ತಿಂದ ಕೂಡಲೇ ಕೊಬ್ಬಾಗುತ್ತದೆ ಅಂತ ಯಾರೋ ತಲೆಗೆ ತುಂಬಿದ್ದರು. ದಿನದ ಒಟ್ಟು ಊಟ ಜಾಸ್ತಿಯಾದರೆ ಯಾವುದಾದರೂ ಕೊಬ್ಬಾಗುತ್ತದೆ. ಜಿಮ್ಮಿಗೆ ಹೋಗುವ ದಿನ ಎರಡು ಹೊತ್ತು ಅನ್ನ ಇರಲಿ, ಇಲ್ಲದಿದ್ದರೆ ಭಾರ ಎತ್ತಲು ಬಲ ಎಲ್ಲಿಂದ? ಸಾರಿನ ತೆಂಗಿನಕಾಯಿಯನ್ನು ನಾನು ಮುಟ್ಟಲಿಲ್ಲ. ರವಾ ಫ್ರೈ ಮಾತ್ರ ವಾರಕ್ಕೊಮ್ಮೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ, ಕಾವಲಿಗೆ ಸುರಿಯುವಾಗ ಯಾರೂ ಚಮಚ ಹಿಡಿಯುವುದಿಲ್ಲ.

ಸೋಮವಾರ ಆ ಮನೆಯಲ್ಲಿ ಮೀನಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಬೇರೆ. ಅಂಥ ದಿನಕ್ಕೆ ಇನ್ನೆರಡು ಮೊಟ್ಟೆ, ಸೋಯಾ, ಕಾಳು. ಒಣಮೀನಲ್ಲೂ ಪ್ರೋಟೀನ್ ಭರ್ತಿ ಇದೆ, ಆದರೆ ಉಪ್ಪು ಜಾಸ್ತಿ. ಬಾಯಿರುಚಿಗೆ ಸಾಕು.

ತಾಯಿಗೆ ಹೇಳಿದ್ದು ಒಂದೇ. ಅವನ ತಟ್ಟೆಯ ಬಗ್ಗೆ, ಹೊಟ್ಟೆಯ ಬಗ್ಗೆ ಮಾತು ಬೇಡ. ಇಷ್ಟೇ ಸಾಕಾ ಅನ್ನುವುದೂ ಬೇಡ. "ನಾನೇನು ಹೇಳ್ತೇನೆ ಅಕ್ಕೋರೆ?" ಎಂದರು. "ಡುಮ್ಮ ಅಂತೀಯಲ್ಲ ಆಯಿ" ಎಂದ ನಾಗು, ನೆಲ ನೋಡುತ್ತಾ. ಪ್ರೀತಿಯಿಂದ ಕರೆಯುವುದು, ಮೂರು ವರ್ಷದ ಮಗು ಇದ್ದಾಗಿನಿಂದ ಕರೆಯುವುದು ಎಂದು ಅವರು ಹೇಳುತ್ತಾ ಹೋದರು, ಅರ್ಧಕ್ಕೆ ನಿಲ್ಲಿಸಿದರು.

ಮೊದಲ ಎರಡು ವಾರದಲ್ಲಿ ತೂಕ ಎರಡು ಕಿಲೋ ಏರಿತು. ನಾಗು ಗಾಬರಿಯಾಗಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ. ಅನ್ನ ಮತ್ತೆ ಹೊಟ್ಟೆ ಸೇರಿದಾಗ ದೇಹ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅದು ಕೊಬ್ಬಲ್ಲ ಎಂದು ಸಮಾಧಾನ ಮಾಡಬೇಕಾಯಿತು. ಎರಡನೇ ತಿಂಗಳು ಸಂಬಂಧಿಕರ ಮದುವೆಯ ಹಿಂದಿನ ವಾರ ಮತ್ತೆ ಎರಡು ಉಪವಾಸ, ಮತ್ತೆ ನಡುರಾತ್ರಿಯ ಪಾತ್ರೆ. ಹಾಗಾದ ಮರುದಿನ ಓಡಬೇಡ, ಬೆಳಗಿನ ತಿಂಡಿ ಎಂದಿನಂತೆ ತಿನ್ನು ಎಂದಿದ್ದೆ. ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ.

ಐದು ತಿಂಗಳಾಯಿತು. ತೂಕ 71. ಹತ್ತು ವಾರ ಉಪವಾಸ ಮಾಡಿದಾಗಿನದಕ್ಕಿಂತ ಒಂದು ಕಿಲೋ ಜಾಸ್ತಿ. ಸೊಂಟದ ಸುತ್ತಳತೆ ಮಾತ್ರ 92 ಸೆಂಟಿಮೀಟರಿನಿಂದ 86ಕ್ಕೆ ಬಂದಿದೆ. ಬೆಂಚ್ ಪ್ರೆಸ್ 60. ರಾತ್ರಿ ತಿನ್ನುವುದು ಪೂರ್ತಿ ನಿಂತಿಲ್ಲ, ತಿಂಗಳಿಗೊಮ್ಮೆ ಆಗುತ್ತದೆ. ಈಗ ದೀಪ ಹಾಕಿಕೊಂಡು, ತಟ್ಟೆಗೆ ಬಡಿಸಿಕೊಂಡು ತಿನ್ನುತ್ತಾನೆ. ಭೇಟಿ ಇನ್ನೂ ನಡೆಯುತ್ತಿದೆ.

ಕಳೆದ ವಾರ ತಾಯಿ ದಾರಿಯಲ್ಲಿ ಸಿಕ್ಕಿದರು. ಮಗನ ಬಗ್ಗೆ ಕೇಳುವ ಮೊದಲೇ ಅವರದು ದೂರು: "ಬೆಕ್ಕು ಸೊರಗಿ ಹೋಗಿದೆ ಅಕ್ಕೋರೆ. ಹಳದಿ ಇಲ್ಲದೆ ಅದಕ್ಕೆ ಊಟವೇ ಸೇರೂದಿಲ್ಲ."